ಹೇಳಿದ ಮುಖ

ನಮ್ಮೂರಲ್ಲಿ ಹುಟ್ಟಿದವರ ಮುಖ ಕನ್ನಡಿಯಲ್ಲಿ ಮೂಡುವುದಿಲ್ಲ. ಮುಡಿದ ಮಲ್ಲಿಗೆ ಮೂಡುತ್ತದೆ, ಕಿವಿಯ ಬೆಂಡೋಲೆ ಮೂಡುತ್ತದೆ, ಕೊರಳ ಸರ ಮೂಡುತ್ತದೆ. ನಡುವೆ ಮುಖ ಇರಬೇಕಾದಲ್ಲಿ ಹಿಂದಿನ ಗೋಡೆ, ಗೋಡೆಯ ಮೊಳೆ, ಮೊಳೆಗೆ ನೇತುಹಾಕಿದ ಕ್ಯಾಲೆಂಡರು ಕಾಣುತ್ತವೆ. ಕೆರೆಯ ನೀರಿನಲ್ಲೂ ಅಷ್ಟೆ. ಒಮ್ಮೆ ಹೊರಗಿನಿಂದ ಫೋಟೋ ತೆಗೆಯುವವನೊಬ್ಬ ಬಂದು ಸಾವ್ಕಾರರ ಮನೆಯವರನ್ನೆಲ್ಲ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿ ತೆಗೆದಿದ್ದ. ತೊಳೆದು ತಂದಾಗ ತಲೆಗೆ ಸುತ್ತಿದ ಪಟಗ, ಕೋಟು, ಸೀರೆಯ ಅಂಚು ಎಲ್ಲ ಚೆಂದವಾಗಿ ಬಂದಿದ್ದವು. ಮುಖಗಳಿದ್ದಲ್ಲಿ ಮಾತ್ರ ಬಾಗಿಲಿನ ಕೆತ್ತನೆ ಬಂದಿತ್ತು. ಸಾವ್ಕಾರರು ಅದಕ್ಕೇ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗಿಸಿದರು. "ಪಟಗಾ ನಂದ ಐತಿ, ಸಾಕು," ಎಂದರಂತೆ.

ಹೀಗಾಗಿ ನಮ್ಮಲ್ಲಿ ಬೆಳಗಾದರೆ ಜನ ಎದುರುಬದುರು ಕೂರುತ್ತಾರೆ. ಗಂಡ ಹೆಂಡತಿಯ ಹಣೆಗೆ ಕುಂಕುಮ ಇಡುತ್ತಾನೆ, ಹೆಂಡತಿ ಗಂಡನಿಗೆ ವಿಭೂತಿ ಹಚ್ಚುತ್ತಾಳೆ. ಒಂಟಿ ಇರುವವರು ಪಕ್ಕದ ಮನೆಯ ಕಟ್ಟೆಗೆ ಹೋಗುತ್ತಾರೆ. ಅದರಲ್ಲಿ ಯಾರಿಗೂ ತೊಂದರೆ ಅನ್ನಿಸಿದ್ದಿಲ್ಲ. ಇನ್ನು ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದ ಮೇಲೆ ಒಂದು ಶುಭದಿನ ನೋಡಿ, ಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯರು ಮುಖ ಹೇಳುತ್ತಾರೆ. ಹಣೆ ಹೀಗಿದೆ, ಹುಬ್ಬು ಹೀಗಿದೆ, ಮೂಗು ಅಜ್ಜನದು, ಗದ್ದ ಅತ್ತೆಯದು ಎಂದು ನಿಧಾನವಾಗಿ ಹೇಳುತ್ತಾರೆ. ಮಗು ಕೇಳಿಸಿಕೊಂಡು ಬೆಲ್ಲ ತಿಂದು ಏಳುತ್ತದೆ. ಅಲ್ಲಿಂದ ಸಾಯುವ ತನಕ ಅದೇ ಅದರ ಮುಖ. ಒಬ್ಬರು ಹೇಳಿದ ಮುಖವನ್ನು ಇನ್ನೊಬ್ಬರು ತಿರುಗಿ ಹೇಳುವಂತಿಲ್ಲ. ಹಾಗೆ ಹೇಳಹೊರಟರೆ ಊರಲ್ಲಿ ಯಾರೂ ತಮ್ಮ ಮುಖದ ಜೊತೆ ನೆಮ್ಮದಿಯಾಗಿ ಬಾಳಲಾರರು ಎಂದು ಹಿಂದಿನವರು ಮಾಡಿಟ್ಟ ನಿಯಮ ಅದು.

ನನ್ನ ಅಣ್ಣ ಮುರಿಗೆಪ್ಪ ದೊಡ್ಡ ಚಿತ್ರಕಾರ. ಹೊರಗಿನ ನಾಡಿನಲ್ಲಿ ಮುರಿಗೇಶ್ ಎಂದರೆ ತಿಳಿಯದವರಿಲ್ಲ. ಅವನ ವಿಷಯ ಹೇಳಬೇಕೆಂದರೆ ಮೊದಲು ನಮ್ಮ ಅಕ್ಕನ ವಿಷಯ ಹೇಳಬೇಕು.

ಅಕ್ಕನ ಹೆಸರು ನೀಲಗಂಗವ್ವ. ನಾನು ಹುಟ್ಟಿದಾಗ ನಮ್ಮವ್ವ ತೀರಿಕೊಂಡಳು. ಆಗ ಅಕ್ಕನಿಗೆ ಹೊಸ ಹಲ್ಲು ಬಂದಿದ್ದವು, ಅಣ್ಣ ಇನ್ನೂ ಅಂಬೆಗಾಲು ಬಿಟ್ಟು ನಡೆಯತೊಡಗಿದ್ದ ಕೂಸು. ಅವ್ವ ಬೇರೆ ಊರಿನವಳು, ಅಪ್ಪ ತಾನೇ ನೋಡಿ ಮೆಚ್ಚಿ ತಂದ ಹೆಣ್ಣು. ಅಜ್ಜಿಗೆ ಅದು ಸೇರಿರಲಿಲ್ಲ. ಸೊಸೆ ಬದುಕಿದ್ದಷ್ಟು ದಿನ ಅವಳ ಕಡೆ ಮುಖ ಕೊಟ್ಟು ಮಾತಾಡಿದ್ದಿಲ್ಲವಂತೆ. ಅವ್ವ ಸತ್ತ ಕೆಲವು ದಿನಗಳಿಗೆ ಅಜ್ಜಿ ಅಕ್ಕನನ್ನು ಮಣೆಯ ಮೇಲೆ ಕೂರಿಸಿದಳು. ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು.

"ಬಾಯಿ ಬಲಕ್ಕ ಸೊಟ್ಟ ಐತಿ," ಎಂದಳು ಅಜ್ಜಿ. "ಒಂದು ಗಲ್ಲ ಇಳಿಬಿದ್ದೈತಿ. ಕಣ್ಣು ಒಂದು ಮ್ಯಾಲ, ಒಂದು ಕೆಳಗ. ನೋಡಿದವರು ಹೆದರೂ ಹಂಗ ಐತಿ. ಸೆರಗು ಹಾಕ್ಕೊಂಡು ಓಡ್ಯಾಡು."

ಹೆಂಗಸರು ಒಬ್ಬರನ್ನೊಬ್ಬರು ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ಹೇಳುವ ಹಕ್ಕು ಅಜ್ಜಿಯದು, ಹೇಳಿಯಾಗಿತ್ತು. ಅಪ್ಪ ಹೊಲದಿಂದ ಬಂದು ಸಂಗತಿ ಕೇಳಿ ತಲೆ ತಗ್ಗಿಸಿ ಕೂತನಂತೆ. ಕೈಯಿಂದ ಮುಟ್ಟಿ ನೋಡಿಕೊಂಡರೆ ನಿಜ ತಿಳಿಯುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಬಾಯಿ ಸೊಟ್ಟವೆಂದು ನಂಬಿದ ಬೆರಳಿಗೆ ಸೊಟ್ಟ ಬಾಯಿಯೇ ಸಿಗುತ್ತದೆ.

ನಿಜಕ್ಕೆ ಅಕ್ಕನಷ್ಟು ಲಕ್ಷಣವಾದ ಹೆಣ್ಣು ನಮ್ಮ ಓಣಿಯಲ್ಲಿರಲಿಲ್ಲ. ಸಣ್ಣವಳಿದ್ದಾಗ ನನಗೆ ನಿಯಮದ ಗೊಡವೆ ಇರಲಿಲ್ಲ. ಅವಳ ತೊಡೆಯ ಮೇಲೆ ಕೂತು "ಅಕ್ಕಾ, ನೀ ಭಾಳ ಚಂದ ಅದಿ," ಎನ್ನುತ್ತಿದ್ದೆ. ಅವಳು ನನ್ನ ತಲೆ ಸವರಿ, "ನಿನ್ನ ಕಣ್ಣಿಗೆ ಹಂಗ ಕಾಣತೈತಿ, ನನ್ನ ಬಂಗಾರ," ಎನ್ನುತ್ತಿದ್ದಳು. ಪ್ರೀತಿಯಿಂದ ಆಡಿದ ಮಾತು ಸಾಕ್ಷಿಗೆ ನಿಲ್ಲುವುದಿಲ್ಲ. ವಯಸ್ಸಿಗೆ ಬಂದ ಮೇಲೆ ವರಗಳು ಬಂದವು, ನೋಡಿ ಒಪ್ಪಿದವು. ಅಕ್ಕ ಒಬ್ಬರನ್ನೂ ಒಪ್ಪಲಿಲ್ಲ. "ಇವತ್ತ ಕನಿಕರಕ್ಕ ಒಪ್ಪತಾರ, ನಾಳೆ ಬ್ಯಾಸರ ಮಾಡ್ಕೋತಾರ," ಎಂದಳು. ಅಪ್ಪ ಹೋದ ಮೇಲೆ ಮನೆಯ ಮುಂಭಾಗದಲ್ಲೇ ಖಾನಾವಳಿ ಇಟ್ಟಳು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವಳ ಕೈಯ ರೊಟ್ಟಿ ತಿನ್ನಲು ಪಕ್ಕದೂರುಗಳಿಂದ ಜನ ಬರುತ್ತಿದ್ದರು. ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಡಿಸುತ್ತಿದ್ದಳು.

ಅಣ್ಣನಿಗೆ ಚಿಕ್ಕಂದಿನಿಂದಲೇ ಇದ್ದಿಲು ಸಿಕ್ಕರೆ ಗೋಡೆ ಉಳಿಯುತ್ತಿರಲಿಲ್ಲ. ಎತ್ತು, ಬಂಡಿ, ಬೇವಿನ ಮರ, ಅಕ್ಕನ ರೊಟ್ಟಿಯ ಬುಟ್ಟಿ, ಎಲ್ಲ ಬರೆಯುತ್ತಿದ್ದ. ಮುಖ ಮಾತ್ರ ಬರೆಯುತ್ತಿರಲಿಲ್ಲ. ಮುಖ ಬರೆಯುವುದೆಂದರೆ ಮುಖ ತಿರುಗಿ ಹೇಳಿದ ಹಾಗೆ ಎಂದು ಊರವರು ತಿಳಿಯುತ್ತಿದ್ದರು. ಒಂದು ಬೇಸಿಗೆಯಲ್ಲಿ ನಾಟಕ ಕಂಪನಿಯೊಂದು ಬಂದು ಸಂತೆಯ ಬಯಲಲ್ಲಿ ತಂಬು ಹೊಡೆಯಿತು. ಪರದೆ ಬರೆಯುವವನ ಪಕ್ಕ ಹೋಗಿ ಕೂತ ಅಣ್ಣ ಕಂಪನಿ ಹೊರಟಾಗ ಅವನ ಜೊತೆಗೇ ಹೊರಟ. ಅಕ್ಕ ರೊಟ್ಟಿ ಕಟ್ಟಿ ಕೊಟ್ಟು, "ಹಸಿವಿ ಆದ್ರ ಬಾ, ಇಲ್ಲಂದ್ರ ಕಲತು ಬಾ," ಎಂದು ಕಳಿಸಿದಳು.

ಕಂಪನಿಯಲ್ಲಿ ಅಣ್ಣ ಅರಮನೆ ಬರೆದ, ಕಾಡು ಬರೆದ, ಪೇಟೆಯ ಬೀದಿ ಬರೆದ. ಬೀದಿಯಲ್ಲಿ ನಿಂತ ಜನರಿಗೆ ಮುಖವಿರಲಿಲ್ಲ. ರುಮಾಲಿನ ಕೆಳಗೆ ಅಂಗಡಿಯ ಹಲಗೆ, ಹೂವಿನ ದಂಡೆಯ ಕೆಳಗೆ ಆಕಾಶ. ಮಾಲೀಕ ಬೈದು ಅಳಿಸಲು ಹೇಳಿದ. ಆದರೆ ನಾಟಕಕ್ಕೆ ಬಂದಿದ್ದ ಶಹರದ ಚಿತ್ರಶಾಲೆಯ ಮೇಷ್ಟರೊಬ್ಬರು ಆ ಪರದೆಯನ್ನೇ ನೋಡುತ್ತ ನಾಟಕ ಮರೆತು ಕೂತರಂತೆ. ಅವರೇ ಅಣ್ಣನನ್ನು ಕರೆದುಕೊಂಡು ಹೋಗಿ ಬಣ್ಣದ ಪಾಠ ಕಲಿಸಿದರು. ಅಲ್ಲಿ ಅಣ್ಣ ತನಗೆ ಗೊತ್ತಿದ್ದುದನ್ನೇ ಬರೆದ. ಕನ್ನಡಿಯ ಮುಂದೆ ಕೂತ ಮದುಮಗಳು, ಕನ್ನಡಿಯೊಳಗೆ ಗಾಳಿಯಲ್ಲಿ ನಿಂತ ಬಾಸಿಂಗ. ಕ್ಷೌರದ ಅಂಗಡಿಯ ಕನ್ನಡಿಯಲ್ಲಿ ಕುರ್ಚಿ, ಟವೆಲು, ಸಾಬೂನಿನ ನೊರೆ, ನೊರೆಯ ಮೇಲೆ ಕತ್ತಿ. ಕೆರೆಗೆ ಬಗ್ಗಿದ ಹೆಂಗಸರು, ನೀರಲ್ಲಿ ಬರೇ ಕೊಡ ಮತ್ತು ಬಳೆ.

ಅವುಗಳನ್ನು ನೋಡಿ ಹೊರಗಿನ ಜನ ಬೆರಗಾದರು. ಇಂಥ ಕನಸು ಈ ಮನುಷ್ಯನಿಗೆ ಹೇಗೆ ಬಿತ್ತು ಎಂದು ಬರೆದರು. ಈ ಕಾಲದ ಮನುಷ್ಯ ತನ್ನ ಗುರುತು ಕಳೆದುಕೊಂಡಿದ್ದಾನೆ, ಮುರಿಗೇಶ್ ಅದನ್ನು ತೋರಿಸುತ್ತಿದ್ದಾರೆ ಎಂದು ಭಾಷಣ ಮಾಡಿದರು. ಸರ್ರಿಯಲಿಸ್ಟ್, ಅಂದರೆ ಕನಸಿನಂಥದ್ದನ್ನು ಬರೆಯುವವನು, ಎಂದು ಕರೆದರು. ದೊಡ್ಡ ದೊಡ್ಡ ಊರುಗಳಲ್ಲಿ ಅವನ ಪ್ರದರ್ಶನಗಳು ನಡೆದವು, ಚಿತ್ರಗಳು ಸಮುದ್ರದಾಚೆಗೂ ಹೋದವು. ಒಂದು ಸಲ ಅವನ ಚಿತ್ರವಿದ್ದ ಕ್ಯಾಲೆಂಡರು ನಮ್ಮೂರಿಗೂ ಬಂತು. ಕಿರಾಣಿ ಅಂಗಡಿಯ ಈರಸಂಗಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಇದರಾಗ ಏನೈತಿ? ನಮ್ಮ ಬಚ್ಚಲಮನಿ ಕನ್ನಡಿ ಇದ್ದಂಗ ಐತಿ," ಎಂದು ಗೋಡೆಗೆ ತೂಗುಹಾಕಿದ. ಊರವರಿಗೆ ಅಣ್ಣನ ಬಗ್ಗೆ ಅಭಿಮಾನವಿತ್ತು. ಆದರೆ ಅವನಿಗೆ ಹಾರ ಹಾಕುವವರು ಏನು ಕಂಡು ಹಾಕುತ್ತಾರೆಂಬುದು ಯಾರಿಗೂ ತಿಳಿಯಲಿಲ್ಲ.

ಆ ನಾಟಕ ಕಂಪನಿ ಮುಂದೆ ಒಡೆದುಹೋಯಿತು. ಅದರಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದ ಶಂಭುಲಿಂಗಪ್ಪನವರು ನಮ್ಮೂರಿಗೆ ಬಂದು ನೆಲೆಸಿ ಶಾಲೆಯ ಹುಡುಗಿಯರಿಗೆ ಹಾಡು ಕಲಿಸತೊಡಗಿದರು. ಪೇಟಿ ಮಾಸ್ತರ ಎಂದೇ ಎಲ್ಲರೂ ಕರೆಯುತ್ತಿದ್ದರು. ಒಂಟಿ ಮನುಷ್ಯ, ಮಾತು ಕಡಿಮೆ, ಉಟ್ಟ ಧೋತರ ಯಾವಾಗಲೂ ಶುಭ್ರ. ಎರಡು ಹೊತ್ತು ಅಕ್ಕನ ಖಾನಾವಳಿಯಲ್ಲೇ ಊಟ. ಉಂಡಾದ ಮೇಲೆ ಕಟ್ಟೆಯ ಮೇಲೆ ಕೂತು ಸಣ್ಣ ದನಿಯಲ್ಲಿ ಏನಾದರೂ ಗುನುಗುತ್ತಿದ್ದರು. ಆ ಹೊತ್ತಿಗೆ ಅಕ್ಕ ಒಳಗೆ ಪಾತ್ರೆ ಸಪ್ಪಳ ಮಾಡುತ್ತಿರಲಿಲ್ಲ. ನಾನು ಅದೇ ಓಣಿಗೆ ಮದುವೆಯಾಗಿ ಹೋಗಿದ್ದವಳು, ದಿನಾ ಅಕ್ಕನ ಮನೆಗೆ ಬರುವವಳು. ಇದೆಲ್ಲ ನನಗೆ ಕಾಣುತ್ತಿತ್ತು. ವರ್ಷಗಳು ಹಾಗೇ ಹೋದವು. ಅಕ್ಕನ ಕೂದಲು ಅಲ್ಲಲ್ಲಿ ಬೆಳ್ಳಗಾಯಿತು, ಮಾಸ್ತರರದು ಪೂರ್ತಿ ಬೆಳ್ಳಗಾಯಿತು.

ಒಂದು ಮಧ್ಯಾಹ್ನ ಗಾಳಿ ಬೀಸಿ, ಬಡಿಸುತ್ತಿದ್ದ ಅಕ್ಕನ ಸೆರಗು ಜಾರಿತು. ಅವಳ ಎರಡು ಕೈಯಲ್ಲೂ ಪಾತ್ರೆ. ಮಾಸ್ತರರು ತಲೆಯೆತ್ತಿ ನೋಡಿದರು. ಹೊರಗಿನವರು, ನಮ್ಮ ನಿಯಮ ಅವರ ಮೈಗೆ ಹತ್ತಿರಲಿಲ್ಲ.

"ನೀಲಗಂಗವ್ವನವರ," ಎಂದರು ಮೆಲ್ಲಗೆ, "ಇಷ್ಟ ಚಂದ ಮುಖಾ ಇಟಗೊಂಡು ಯಾಕ ಮುಚ್ಚಗೋತೀರಿ?"

ಅಕ್ಕ ಪಾತ್ರೆ ಕೆಳಗಿಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಆ ಸಂಜೆ ನನ್ನನ್ನು ಕರೆದು, "ಮಾಸ್ತರರಿಗೆ ಬ್ಯಾರೆ ಕಡೆ ಊಟಾ ನೋಡ್ಕೊಳ್ಳಾಕ ಹೇಳು, ದಾನಮ್ಮಾ," ಎಂದಳು. "ಎಲ್ಲಾರೂ ಸುಮ್ಮನಿರತಾರ. ಅವರೂ ಸುಮ್ಮನಿರತಾರ ಅಂತ ತಿಳದಿದ್ದೆ. ಅವರು ಹಿಂಗ ಚಾಷ್ಟಿ ಮಾಡಿ ನಗತಾರ ಅಂತ ಅನಕೊಂಡಿರಲಿಲ್ಲ."

"ಅವರು ಚಾಷ್ಟಿ ಮಾಡಿಲ್ಲಕ್ಕಾ."

"ನನ್ನ ಮುಖಾ ನನಗ ಗೊತ್ತೈತಿ."

ನಾನು ಹೋಗಿ ಹೇಳಿದೆ. ಮಾಸ್ತರರು ಯಾಕೆ ಎಂದು ಕೇಳಲಿಲ್ಲ. "ನಾ ತಪ್ಪು ಮಾತಾಡಿದೆ ಅಂತ ಹೇಳ್ರಿ," ಎಂದು ಪೇಟಿ, ಹಾಸಿಗೆ ಕಟ್ಟಿಕೊಂಡು ತಮ್ಮ ಅಕ್ಕನ ಮಗ ಇದ್ದ ಊರಿಗೆ ಬಸ್ಸು ಹತ್ತಿದರು. ಅಕ್ಕ ಬಡಿಸುವುದಕ್ಕೆ ಬೇರೆ ಹೆಂಗಸನ್ನು ಇಟ್ಟುಕೊಂಡು ತಾನು ಒಲೆಯ ಮುಂದಿನಿಂದ ಏಳುವುದನ್ನೇ ಬಿಟ್ಟಳು. ಬೆಳಿಗ್ಗೆ ವಿಭೂತಿ ಹಚ್ಚಿಸಿಕೊಳ್ಳಲು ನನ್ನೆದುರು ಕೂರುತ್ತಿದ್ದವಳು, "ನಾನ ಹಚ್ಕೋತೀನಿ, ಹೆಂಗ ಇದ್ರ ಏನು," ಎಂದಳು. ಯಾರ ಕಣ್ಣಿಗೂ ಬೀಳದ ಹಾಗೆ ಇದ್ದುಬಿಡುವ ಮನಸ್ಸು ಮಾಡಿದ್ದಳು. ಅವಳು ಊಟ ಬಿಟ್ಟು ಸೊರಗತೊಡಗಿದಾಗ ನನಗೆ ಹೆದರಿಕೆಯಾಗಿ ಅಣ್ಣನಿಗೆ ಫೋನು ಮಾಡಿದೆ.

ಅಣ್ಣ ಮರುದಿನವೇ ಹೊರಟು ಬಂದ. ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದವನು ಈ ಸಲ ಬಣ್ಣದ ಪೆಟ್ಟಿಗೆ ಸಮೇತ ಬಂದಿದ್ದ. ಕನ್ನಡಿಯ ಹಂಗಿಲ್ಲದೆ ತಾನೇ ಕತ್ತರಿಸಿಕೊಂಡ ಗಡ್ಡ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ನಾನು ಎಲ್ಲ ಹೇಳಿದೆ. ಕಟ್ಟೆಯ ಮೇಲೆ ಕೂತು ಕೇಳಿದ.

"ಅಕ್ಕನ ಮುಖಾ ಬರೀತೀನಿ," ಎಂದ.

ನನಗೆ ಸಿಟ್ಟು ಬಂತು. "ಬರದು? ಆಕಿಗೆ ತೋರಸ್ತಿ ಏನು? ಸೊಟ್ಟ ಮುಖಾ ಅಂತ ಒಂದು ಜೀವಮಾನ ಕಳದಾಳ. ವರ ಬಂದ್ರ ಒಲ್ಲೆ ಅಂದಾಳ. ಈಗ ನೀ ಹೋಗಿ, ಅದೆಲ್ಲಾ ಸುಳ್ಳು, ನಿನಗ ಏನೂ ಆಗಿರಲಿಲ್ಲ ಅಂದ್ರ, ಹೋದದ್ದನ್ನ ತಿರುಗಿ ಕೊಡ್ತಿ ಏನು?"

"ಕೊಡಾಕ ಆಗಂಗಿಲ್ಲ."

"ಮತ್ತ?"

"ಉಳದದ್ದಾದ್ರೂ ಸಿಗಲಿ," ಎಂದ ಅಣ್ಣ. ಬಣ್ಣದ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು, "ನಾ ಬರೀತೀನಿ ಅಂತ ಹೇಳತೀನಿ ಖರೆ, ನನಗ ಬರತೈತಿ ಅಂತ ಏನೂ ಭರವಸೆ ಇಲ್ಲ. ಒಂದು ಮುಖಾನೂ ಬರದಿಲ್ಲ ನಾನು ಇಲ್ಲೀತನಕ," ಎಂದ.

ಅಕ್ಕ ಮೊದಲು ಒಪ್ಪಲೇ ಇಲ್ಲ. ಅಣ್ಣ ಹಟ ಬಿಡದೆ ಒಲೆಯ ಪಕ್ಕ ಕೂತುಬಿಟ್ಟ. ಕಡೆಗೆ, "ನೀ ಬರಕೋ. ನನಗ ಮಾತ್ರ ತೋರಸಬ್ಯಾಡ," ಎಂದಳು. ಊಟದ ಗದ್ದಲ ಮುಗಿದ ಮೇಲೆ ಹಿತ್ತಲ ಬಾಗಿಲಿಗೆ ಬಿಸಿಲು ಬರುವ ಹೊತ್ತಿಗೆ ಸ್ಟೂಲಿನ ಮೇಲೆ ಕೂರತೊಡಗಿದಳು. ಸೆರಗು ತೆಗೆಯಲು ಅವಳಿಗೆ ಮೊದಲ ದಿನ ಎಷ್ಟೋ ಹೊತ್ತು ಬೇಕಾಯಿತು. ತೆಗೆದಾದ ಮೇಲೂ ಕಣ್ಣು ನೆಲದ ಮೇಲೆಯೇ.

ಅಣ್ಣ ಅವಳ ಕೈ ಬರೆದ. ರೊಟ್ಟಿ ಬಡಿದು ಬಡಿದು ಅಗಲವಾದ ಅಂಗೈ, ಬಿಸಿ ತಾಗಿ ಕಪ್ಪಾದ ಬೆರಳ ತುದಿ, ಎಲ್ಲ ಹಾಗೆಯೇ ಬಂತು. ಇಳಕಲ್ ಸೀರೆಯ ಕೆಂಪು ಸೆರಗು ಬಂತು. ಹಿಂದಿನ ಬಾಗಿಲು, ಬಾಗಿಲಾಚೆಯ ನುಗ್ಗೆಯ ಗಿಡ ಬಂತು. ಮುಖದ ಜಾಗಕ್ಕೆ ಬಂದಾಗ ಕೈ ನಿಂತುಬಿಡುತ್ತಿತ್ತು. ಬರೆಯುವುದು, ಒರೆಸುವುದು. ಬರೆದದ್ದೆಲ್ಲ ಯಾವುದೋ ಕ್ಯಾಲೆಂಡರಿನ ದೇವಿಯ ಹಾಗೆ ಕಾಣುತ್ತಿತ್ತು. ಒಂದು ದಿನ ಕುಂಚವನ್ನು ಎಣ್ಣೆಯ ಡಬ್ಬಿಯಲ್ಲಿ ಅದ್ದಿಟ್ಟು ನೆಲದ ಮೇಲೆ ಕೂತ.

"ನನಗ ಬರೂದಿಲ್ಲಕ್ಕಾ," ಎಂದ. "ಮುಖಾ ಬಿಟ್ಟು ಬಿಟ್ಟು ಹೆಸರು ಮಾಡಿದೆ. ಜನಾ ಅದಕ್ಕ ಏನೇನೋ ಅರ್ಥ ಹಚ್ಚಿದ್ರು. ಖರೇ ಅಂದ್ರ ನನಗ ಮುಖಾ ಅಂದ್ರ ಏನಂತ ಗೊತ್ತಿಲ್ಲ. ನಂದ ನನಗ ಗೊತ್ತಿಲ್ಲ."

"ಅಪ್ಪಾ ಹೇಳಿದ್ನಲ್ಲ?"

"ಏನ್ ಹೇಳಿದ? ಮಣೀ ಮ್ಯಾಲ ಕುಂಡ್ರಿಸಿ, ಗಂಡಸಿನ ಮುಖಾ ಐತಿ, ಸಾಕು ಏಳು ಅಂದ. ಅಷ್ಟ."

ಅಕ್ಕನಿಗೆ ಅದು ತಿಳಿದಿರಲಿಲ್ಲ. ಅವಳು ಆ ದಿನ ಒಳಗೆ ಅಡಿಗೆ ಮಾಡುತ್ತಿದ್ದಳಂತೆ. ಸ್ಟೂಲಿನಿಂದ ಇಳಿದು ಅವನೆದುರು ನೆಲದ ಮೇಲೆ ಕೂತಳು. ಅಷ್ಟು ದಿನ ತಗ್ಗಿಸಿಯೇ ಇದ್ದ ಕಣ್ಣನ್ನು ಎತ್ತಿ ಅವನನ್ನು ನೋಡಿದಳು. "ಹಿರಿಯಾಕಿ ನಾನ ಇದ್ದೀನಿ ಈಗ," ಎಂದು ಶುರು ಮಾಡಿದಳು. "ನಿನ್ನ ಹಣಿ ಸಣ್ಣದು, ಆದ್ರ ಸಿಟ್ಟಿನ ಹಣಿ ಅಲ್ಲ. ಹುಬ್ಬು ದಪ್ಪ ಅದಾವ, ನಡುವ ಕೂಡ್ಯಾವ. ಮೂಗಿನ ಮ್ಯಾಲ ಒಂದು ಗೆರಿ ಐತಿ, ಸಣ್ಣಾಂವ ಇದ್ದಾಗ ಹೊಸ್ತಿಲಕ್ಕ ಬಿದ್ದಿದ್ದಿ. ಕಣ್ಣು ಎಡಗಡೀದು ಮೊದಲ ನಗತೈತಿ, ಬಲಗಡೀದು ಆಮ್ಯಾಲ. ತುಟಿ ತೆಳ್ಳಗ. ಸುಳ್ಳು ಹೇಳುವಾಗ ಒಳಗ ಎಳಕೋತಿ. ಈಗ ಕಣ್ಣಿನ ಕೆಳಗ ಬಾವು ಬಂದೈತಿ, ನಿದ್ದಿ ಕಡಿಮಿ ಮಾಡ್ತಿ ಅಂತ ಕಾಣತೈತಿ. ಒಟ್ಟಿನ್ಯಾಗ ನೋಡಿದ್ರ ಹಸದು ಬಂದ ಹುಡುಗನ ಮುಖಾ."

ಅಣ್ಣ ಕೇಳುತ್ತ ಕೇಳುತ್ತ ತನ್ನ ಕೆನ್ನೆಯ ಮೇಲೆ ಕೈಯಿಟ್ಟುಕೊಂಡ. ನಾಡಿನ ದೊಡ್ಡ ಮನುಷ್ಯರೆಲ್ಲ ಶಾಲು ಹೊದಿಸಿದ ಮನುಷ್ಯ ಅಕ್ಕನ ಮುಂದೆ ಬಾಯಿಗೆ ಟವೆಲು ಒತ್ತಿಕೊಂಡು ಅತ್ತ. ಅವಳು ಒಳಗೆ ಹೋಗಿ ಬೆಲ್ಲ ತಂದು ಅವನ ಅಂಗೈಯಲ್ಲಿ ಇಟ್ಟಳು. ಅವನು ತಿಂದ. ಆಮೇಲೆ ಎದ್ದು, "ಅಕ್ಕಾ, ಅಲ್ಲೇ ಕುಂಡ್ರು. ಹಂಗ ನನ್ನ ನೋಡಕೋತ ಕುಂಡ್ರು," ಎಂದ.

ಅಲ್ಲಿಂದ ಕೆಲಸ ನಿಲ್ಲಲಿಲ್ಲ. ಅಕ್ಕ ನೆಲದ ಮೇಲೆ ಕೂತು ತಮ್ಮನನ್ನೇ ನೋಡುತ್ತಿದ್ದಳು, ಅವನು ಅವಳನ್ನು ನೋಡಿ ಬರೆಯುತ್ತಿದ್ದ. ಚಿತ್ರ ಮುಗಿದ ದಿನ ಅವನು ಅದನ್ನು ಅವಳ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಒರಗಿಸಿಟ್ಟು, "ತೋರಸಬ್ಯಾಡ ಅಂದಿ, ತೋರಸಂಗಿಲ್ಲ. ನಿನ್ನ ಮನ್ಯಾಗ ಇರಲಿ," ಎಂದ. ಅಕ್ಕ ಅದರ ಕಡೆ ತಿರುಗಿಯೂ ನೋಡದೆ ಅದರ ಪಕ್ಕದಲ್ಲೇ ಹಾಸಿಗೆ ಹಾಸಿ ಮಲಗುತ್ತಿದ್ದಳು.

ಪಂಚಮಿಗೆ ಮನೆ ಸಾರಿಸುವಾಗ ಅದನ್ನು ಸರಿಸಲೇಬೇಕಾಯಿತು. ನಾನು ಹೊರಗೆ ಎಳ್ಳು ಹುರಿಯುತ್ತಿದ್ದೆ. ಒಳಗಿನ ಸಪ್ಪಳ ನಿಂತುಹೋಯಿತು. ಸ್ವಲ್ಪ ಹೊತ್ತಿಗೆ ಅಕ್ಕನ ದನಿ ಕೇಳಿತು. "ದಾನಮ್ಮಾ, ಇಲ್ಲಿ ಬಾ."

ಹೋದೆ. ಅವಳು ಕೈಯಲ್ಲಿ ಕಸಬರಿಗೆ ಹಿಡಿದೇ ಚಿತ್ರದ ಮುಂದೆ ನಿಂತಿದ್ದಳು.

"ಇಂವ ಅವ್ವನ್ನ ಹೆಂಗ ಬರದ?" ಎಂದು ಕೇಳಿದಳು. "ಅವ್ವ ಹೋದಾಗ ಇವಗ ಸರಿಯಾಗಿ ನಡ್ಯಾಕೂ ಬರತಿರಲಿಲ್ಲ. ನೆನಪಿರಾಕ ಸಾಧ್ಯ ಇಲ್ಲ. ನೋಡು, ಹುಬ್ಬು ಅವ್ವನ್ನವು. ಬಾಯಿ ಅವ್ವಂದು. ಇದ್ದಿದ್ರ ವಯಸ್ಸಾಗಿ ಹಿಂಗ ಕಾಣತಿದ್ದಳು ಅಂತ ಕೂದಲಾನೂ ಬೆಳ್ಳಗ ಮಾಡ್ಯಾನ. ಇವಗ ಯಾರು ಹೇಳಿದ್ರು?"

ನಾನು ಅವ್ವನನ್ನು ಕಂಡವಳಲ್ಲ. ಚಿತ್ರದಲ್ಲಿದ್ದವಳನ್ನು ನೋಡಿದೆ, ಪಕ್ಕದಲ್ಲಿದ್ದವಳನ್ನು ನೋಡಿದೆ.

"ಅಕ್ಕಾ," ಎಂದೆ, "ಸೀರಿ ನೋಡು. ಕೈ ನೋಡು. ಅದು ಅವ್ವ ಅಲ್ಲ."

ಅವಳು ಸೀರೆ ನೋಡಿದಳು. ಆ ಬೆರಳುಗಳನ್ನು ನೋಡಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಕಸಬರಿಗೆ ಕೆಳಗೆ ಬಿತ್ತು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಹೊರಗೆ ಬಂದು, ಅಜ್ಜಿಯ ಕಾಲದ ಹಿತ್ತಾಳೆಯ ಎಲೆಯಡಿಕೆ ಡಬ್ಬಿಯನ್ನು, ಅಷ್ಟು ವರ್ಷ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದುದನ್ನು, ಎತ್ತಿ ತಂದು ಓಣಿಯಲ್ಲಿ ಹಳೇ ಸಾಮಾನು ಕೊಳ್ಳುತ್ತ ಹೋಗುತ್ತಿದ್ದ ಮೋಡಕಾದವನ ಬುಟ್ಟಿಗೆ ಹಾಕಿದಳು. ಎದುರು ಮನೆಯ ಕಟ್ಟೆಯ ಮೇಲೆ ಮುದುಕಿ ಶರಣವ್ವ ಕೂತಿದ್ದಳು. ಅಜ್ಜಿ ಮುಖ ಹೇಳಿದ ದಿನ ಸುತ್ತ ಕೂತವರಲ್ಲಿ ಅವಳೂ ಒಬ್ಬಳು.

"ನೀ ಅಲ್ಲೇ ಇದ್ದೆಲ್ಲ ಚಿಗವ್ವಾ," ಎಂದಳು ಅಕ್ಕ.

ಶರಣವ್ವನಿಗೆ ಯಾವ ವಿಷಯವೆಂದು ಕೇಳುವ ಅಗತ್ಯ ಬೀಳಲಿಲ್ಲ. "ಹೇಳಿದ ಮುಖಾ ತಿರುಗಿ ಹೇಳಬಾರದವ್ವಾ," ಎಂದಳು. "ಆ ದಿನಾ ಮನಿಗೆ ಹೋಗಿ ಊಟಾ ಮಾಡಲಿಲ್ಲ ನಾನು."

ಅಕ್ಕ ಒಳಗೆ ಹೋದಳು. ಎರಡು ದಿನ ನಮ್ಮ ಯಾರ ಜೊತೆಗೂ ಮಾತಾಡಲಿಲ್ಲ, ಖಾನಾವಳಿಯ ಬಾಗಿಲು ತೆಗೆಯಲಿಲ್ಲ. ನಾನು ಅಣ್ಣನನ್ನು ಬೈದೆ. ಅವನು ಬೈಸಿಕೊಂಡ. ಮೂರನೆಯ ಬೆಳಿಗ್ಗೆ ಅವಳು ತಲೆಗೆ ಎರೆದುಕೊಂಡು ನನ್ನ ಮನೆಗೇ ಬಂದು ಎದುರಿಗೆ ಕೂತು, "ವಿಭೂತಿ ಹಚ್ಚು, ನೆಟ್ಟಗ ಹಚ್ಚು, ಊರಿಗೆ ಹೋಗೋದೈತಿ," ಎಂದಳು. ಕೈಯಲ್ಲಿ ರೊಟ್ಟಿಯ ಗಂಟಿತ್ತು. ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ನಾನೂ ಬಸ್ಸು ಹತ್ತಿದೆ. ಸೆರಗು ಹೆಗಲ ಮೇಲಿತ್ತು. ಕಿಟಕಿಯ ಗಾಳಿಗೆ ಅವಳ ಕೂದಲು ಹಾರುತ್ತಿತ್ತು. ಗಾಳಿ ಮುಖಕ್ಕೆ ಬಡಿದಾಗಲೆಲ್ಲ ಕಣ್ಣು ಮುಚ್ಚಿ ತೆರೆಯುತ್ತಿದ್ದಳು.

ಮಾಸ್ತರರು ಸೋದರಳಿಯನ ಮನೆಯ ಹೊರಗಿನ ಕೋಣೆಯಲ್ಲಿ ಪೇಟಿಯ ಧೂಳು ಒರೆಸುತ್ತ ಕೂತಿದ್ದರು. ಬಾಗಿಲಲ್ಲಿ ನಿಂತವಳನ್ನು ನೋಡಿ ಎದ್ದು ನಿಂತರು. ಅಕ್ಕ ಅವರನ್ನು ನೇರ ನೋಡಿದಳು.

"ನೀವು ಅವತ್ತ ಕೇಳಿದ್ದಕ್ಕ ಜವಾಬು ನನಗ ಗೊತ್ತಿರಲಿಲ್ಲ," ಎಂದಳು. "ಈಗ ಗೊತ್ತಾತು. ಅದನ್ನ ಹೇಳಾಕ ದೊಡ್ಡ ಕಥಿ ಆಗತೈತಿ. ಮೊದಲ ರೊಟ್ಟಿ ತಿನ್ರಿ, ಆರಾಕಹತ್ಯಾವ."

ಮಾಸ್ತರರು ಕೈ ತೊಳೆಯಲು ಹೋದವರು ಬರಲು ತುಸು ತಡ ಮಾಡಿದರು. ಸಂಜೆಯ ಬಸ್ಸಿಗೆ ಮೂವರೂ ಊರಿಗೆ ಬಂದೆವು, ಪೇಟಿ ಮಾಸ್ತರರ ತೊಡೆಯ ಮೇಲಿತ್ತು. ಸುಗ್ಗಿ ಮುಗಿದ ಮೇಲೆ ಮಠದಲ್ಲಿ ಇಬ್ಬರೂ ಹಾರ ಹಾಕಿಕೊಂಡರು. ಈ ವಯಸ್ಸಿನಲ್ಲಿ ಇದೇನು ಎಂದು ಆಡಿಕೊಂಡವರೂ ಊಟಕ್ಕೆ ಬಂದರು, ಮತ್ತೊಮ್ಮೆ ಬಡಿಸಿಕೊಂಡು ಉಂಡರು.

ಅಣ್ಣ ಶಹರಕ್ಕೆ ಮರಳಲಿಲ್ಲ. ಹಿತ್ತಲ ಬಾಗಿಲ ಬಳಿ ಮುಖ ಬರೆಯುತ್ತ ಕೂತ. ಮೊದಲು ಮಾಸ್ತರರು, ಆಮೇಲೆ ಶರಣವ್ವ, ಆಮೇಲೆ ಈರಸಂಗಪ್ಪ. ಊರ ಹಿರಿಯರು ಸಭೆ ಸೇರಿ ಇದು ಸರಿಯೇ ಎಂದು ಚರ್ಚೆ ಮಾಡಿದರು. ಕಡೆಗೆ, ನಿಯಮ ಇರುವುದು ಹೇಳುವುದಕ್ಕೆ, ಬರೆಯುವುದಕ್ಕಲ್ಲ, ಯಾರಿಗೆ ಬೇಕೋ ಅವರು ಕೂರಲಿ ಎಂದು ತೀರ್ಮಾನಿಸಿ, ತಾವೂ ಬಂದು ಕೂತರು. ಶಹರದಿಂದ ಅವನ ಚಿತ್ರ ಮಾರುವವನೊಬ್ಬ ಕಾರು ಮಾಡಿಕೊಂಡು ಬಂದ. ಹೊಸ ಚಿತ್ರಗಳನ್ನು ಒಂದೊಂದಾಗಿ ನೋಡಿ, "ಸರ್, ಇವೆಲ್ಲ ಮಾಮೂಲಿ ಜನರ ಮುಖಗಳು. ಇದರಲ್ಲಿ ನಿಮ್ಮ ಕಲ್ಪನೆ ಎಲ್ಲಿದೆ?" ಎಂದ. ಅಣ್ಣ ಅವನಿಗೆ ಊಟ ಮಾಡಿಸಿ ಕಳಿಸಿದ. ಪತ್ರಿಕೆಗಳಲ್ಲಿ ಮುರಿಗೇಶರ ಕಾಲ ಮುಗಿಯಿತು ಎಂದು ಬಂತಂತೆ. ಇಲ್ಲಿ ಅದನ್ನು ಓದಿದವರಿಲ್ಲ.

ಮರುವರ್ಷ ಶಾಲೆಯ ಹಜಾರದಲ್ಲಿ ಅಣ್ಣ ಎಲ್ಲ ಚಿತ್ರಗಳನ್ನೂ ತೂಗುಹಾಕಿದ. ಯಾವುದರ ಕೆಳಗೂ ಹೆಸರು ಬರೆದಿರಲಿಲ್ಲ. ಊರಿಗೆ ಊರೇ ಬಂತು. ಬಂದವರಿಗೆ ಬೇರೆಯವರೆಲ್ಲ ಕಂಡ ಕೂಡಲೇ ಗುರುತು ಸಿಕ್ಕರು. ತಾವು ಯಾರೆಂಬುದು ಮಾತ್ರ ಸಿಗಲಿಲ್ಲ. "ನಾ ಯಾವುದೋ?" "ನನ್ನದು ಎಲ್ಲೈತಿ ತೋರಿಸು," ಎಂದು ಒಬ್ಬರನ್ನೊಬ್ಬರು ಕೇಳುತ್ತ ಜನ ಸಾಲಿನುದ್ದಕ್ಕೂ ಓಡಾಡಿದರು. ಗಂಡಂದಿರು ಹೆಂಡತಿಯರ ಭುಜ ಹಿಡಿದು ನಿಲ್ಲಿಸಿ ಬೆರಳು ಮಾಡಿ ತೋರಿಸಿದರು. ಕೆಲವರು ನಕ್ಕರು, ಕೆಲವರು ಸುಮ್ಮನೆ ಮನೆಗೆ ಹೋದರು. ಶರಣವ್ವ ಬೇರೊಬ್ಬಳ ಚಿತ್ರದ ಮುಂದೆ ನಿಂತು, ಅದೇ ತನ್ನದೆಂದುಕೊಂಡು, ಬಹಳ ಸಂತೋಷದಿಂದ ನೋಡುತ್ತಿದ್ದಳು. ಯಾರೂ ಅವಳನ್ನು ಅಲ್ಲಿಂದ ಸರಿಸಲಿಲ್ಲ.

ನನ್ನ ಕೈ ಹಿಡಿದು ನನ್ನ ಚಿತ್ರದ ಮುಂದೆ ಕರೆದೊಯ್ದವಳು ಅಕ್ಕ. ನನ್ನ ಮುಖ ಹೇಳಿದವಳೂ ಅವಳೇ. ಆಗ ಅಜ್ಜಿ ಇರಲಿಲ್ಲ, ಅಪ್ಪ ನೀನೇ ಹೇಳು ಎಂದು ಅವಳಿಗೆ ಬಿಟ್ಟಿದ್ದ. ದುಂಡನೆಯ ಮುಖ, ನಕ್ಕರೆ ಎರಡೂ ಕೆನ್ನೆಯಲ್ಲಿ ಗುಳಿ ಬೀಳುತ್ತವೆ, ದಾಳಿಂಬೆಯ ಬೀಜ ಜೋಡಿಸಿದ ಹಾಗೆ ಹಲ್ಲು, ಎಂದು ಹೇಳಿದ್ದಳು. ಆ ಮುಖವನ್ನೇ ಹೊತ್ತುಕೊಂಡು ನಾನು ಬೆಳೆದೆ, ಮದುವೆಯಾದೆ, ಎಲ್ಲರೆದುರು ತಲೆಯೆತ್ತಿ ನಕ್ಕೆ. ಚಿತ್ರದಲ್ಲಿದ್ದವಳ ಮುಖ ಉದ್ದವಾಗಿತ್ತು. ನಗುತ್ತಿದ್ದಳು, ಕೆನ್ನೆಯಲ್ಲಿ ಗುಳಿಯಿರಲಿಲ್ಲ. ಮುಂದಿನ ಎರಡು ಹಲ್ಲು ತುಟಿಯಿಂದಾಚೆ ಬಂದಿದ್ದವು.

ನಾನು ಅಕ್ಕನ ಕಡೆ ತಿರುಗಿದೆ. ಅವಳು ಚಿತ್ರವನ್ನು ಒಮ್ಮೆ, ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿದಳು. ತುಸುವೂ ಕಣ್ಣು ತಪ್ಪಿಸಲಿಲ್ಲ.

"ಇದೊಂದು ಸರಿ ಬರದಿಲ್ಲ ನೋಡು ಇಂವ," ಎಂದಳು.

ಹಿಂದೆ ನಿಂತಿದ್ದ ಅಣ್ಣ ಏನೋ ಹೇಳಲು ಬಾಯಿ ತೆರೆದವನು, ಅಕ್ಕನ ಮುಖ ನೋಡಿ ಮುಚ್ಚಿಕೊಂಡ. ನಾನು ಹೌದೆಂದೆ. ಅಕ್ಕ ಹೇಳಿದಳೆಂದು ಅಲ್ಲ, ನಿಜವಾಗಿಯೂ ನನಗೆ ಹಾಗೇ ಅನ್ನಿಸಿತು.